ಕನ್ನಡ ಪೇಪರಿನಲ್ಲಿ ಸುತ್ತಿದ ರೊಟ್ಟಿ

ನನ್ನ ತಂಗಿ ತೀರಿಕೊಂಡ ಇಪ್ಪತ್ತನೆಯ ದಿನ, ಅವಳೇ ಬಡಿದ ರೊಟ್ಟಿಗಳು ನಾಶಿಕಿನ ನನ್ನ ಮನೆಗೆ ಬಂದವು. ಅವಳ ಜೊತೆ ಕೆಲಸ ಮಾಡುತ್ತಿದ್ದ ಹೆಣ್ಣುಮಗಳು ಸಂಭಾಜಿನಗರದಿಂದ ಬೆಳಗಿನ ರೈಲಿಗೆ ಬಂದು, ರಟ್ಟಿನ ಪೆಟ್ಟಿಗೆಯನ್ನು ಹೊಸ್ತಿಲೊಳಗೆ ಇಟ್ಟು, "ಇದು ತಾಈ ಕೈದು. ಕೊನೀದು" ಎಂದಳು. ತಾಈ ಎಂದರೆ ಅಕ್ಕ; ನನ್ನ ತಂಗಿಯನ್ನು ಅವಳು ಕರೆಯುತ್ತಿದ್ದದ್ದು ಹಾಗೆ. ತಂಗಿಗೆ ಜ್ವರ ಬರುವ ಹಿಂದಿನ ವಾರ ಬಡಿದು ಒಣಗಿಸಿಟ್ಟಿದ್ದವು. ತೇವ ತಾಗದಂತೆ ಇಟ್ಟರೆ ಕಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ.

ಪ್ರತಿ ಪಾಕೀಟಿನ ಮೇಲೂ ಚೀಟಿ ಅಂಟಿಸಿತ್ತು. ಒಂದು ಹಂಚಿನ ಚಿತ್ರ, ಅದರ ಕೆಳಗೆ ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ: 'ಸಂಭಾಜಿನಗರದಲ್ಲಿ ಕೈಯಿಂದ ಬಡಿದ ಜೋಳದ ರೊಟ್ಟಿ'. ಅದನ್ನು ಓದಿದಾಗ ಅಳು ಬರುವ ಮೊದಲು ನನಗೆ ನಾಚಿಕೆ ಬಂತು. ಇಂಥ ಚೀಟಿಗಳನ್ನು ನಾನು ಒದ್ದೆ ಅರಿವೆಯಿಂದ ಉಜ್ಜಿ ಉಜ್ಜಿ ಕಿತ್ತಿದ್ದೇನೆ. ಅದೂ ಒಂದೆರಡು ಸಲವಲ್ಲ.

ನಾನು ಓದಿದ್ದು ಹತ್ತನೆಯ ಇಯತ್ತೆಯವರೆಗೆ. ಬರೆಯುವ ರೂಢಿ ನನಗಿಲ್ಲ. ಆದರೆ ಇದನ್ನು ಬಾಯಿಂದ ಹೇಳಲು ಹೋದರೆ ಪ್ರತಿ ಸಲ ನನ್ನ ತಪ್ಪು ಸ್ವಲ್ಪ ಸಣ್ಣದಾಗುತ್ತ ಬರುತ್ತದೆ. ಕೇಳಿದವರು "ಇರಲಿ ಬಿಡ್ರಿ" ಎನ್ನುತ್ತಾರೆ, ನಾನೂ ಬಿಟ್ಟುಬಿಡುತ್ತೇನೆ. ಹಾಗಾಗಿ ಬರೆಯುತ್ತಿದ್ದೇನೆ.

ನನ್ನ ಯಜಮಾನರಿಗೆ ಕೇಂದ್ರ ಸರಕಾರದ ಕಚೇರಿಯಲ್ಲಿ ಕೆಲಸ. ವಿಜಯಪುರದ ಕಡೆಯಿಂದ ಅವರಿಗೆ ನಾಶಿಕಿಗೆ ವರ್ಗವಾದಾಗ ನನ್ನ ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಳು. ಈಗ ಅವಳು ನನಗೆ ಮರಾಠಿಯಲ್ಲೇ ಉತ್ತರ ಕೊಡುತ್ತಾಳೆ. ಇಲ್ಲಿ ನಮ್ಮಂಥ ಕನ್ನಡದ ಮನೆಗಳು ಹದಿನೈದು. ಬ್ಯಾಂಕಿನವರು, ರೈಲ್ವೆಯವರು, ನಮ್ಮಂಥ ಕಚೇರಿಯವರು. ಈ ಹದಿನೈದು ಮನೆಗಳಲ್ಲಿ ಯಾರಾದರೂ ಊರಿಗೆ ಹೊರಟರೆ ಒಂದು ಯಾದಿ ತಯಾರಾಗುತ್ತದೆ. ಯಾರಿಗೆ ಎಷ್ಟು ರೊಟ್ಟಿ, ಯಾರಿಗೆ ಶೇಂಗಾ ಹಿಂಡಿ, ಯಾರಿಗೆ ಅಗಸಿ ಹಿಂಡಿ, ಅಂದರೆ ಚಟ್ನಿಪುಡಿ. ಊರು ಎಂದರೆ ಒಂದು ಊರಲ್ಲ. ವಿಜಯಪುರ, ಬಾಗಲಕೋಟೆ, ಗದಗ ಎಲ್ಲವೂ ನಮಗೆ ಊರೇ. ಅಲ್ಲಿಂದ ಬಂದದ್ದು ಅಂದರೆ ಸಾಕು, ಪರೀಕ್ಷೆ ಮುಗಿಯಿತು.

ಆ ಯಾದಿ ಬರೆಯುವ ವಹಿ ನನ್ನ ಹತ್ತಿರ ಇರುತ್ತಿತ್ತು. ಹೇಗೆ ನನ್ನ ಹತ್ತಿರ ಬಂತೋ ನೆನಪಿಲ್ಲ, ಆದರೆ ಬಂದಮೇಲೆ ನಾನು ಬಿಡಲಿಲ್ಲ. ನನಗೆ ಇಂಗ್ಲಿಷ್ ಬಾರದು, ಹಾಡು ಬಾರದು, ಗಣೇಶ ಚವತಿಯ ಕಾರ್ಯಕ್ರಮದಲ್ಲಿ ಮೈಕು ಹಿಡಿಯಲು ಬಾರದು. ಯಾದಿಯಿಂದಾಗಿ ಎಲ್ಲರೂ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. "ಯಾದಿ ಅಕ್ಕಾರು" ಎಂದು ಹೆಸರೇ ಬಿದ್ದಿತ್ತು. ಮೇಲೆ ಮೇಲೆ ಬೇಸರ ತೋರಿಸುತ್ತಿದ್ದೆ. ಒಳಗೆ ಬಹಳ ಹಿತವಾಗುತ್ತಿತ್ತು.

ತಂಗಿ ನನಗಿಂತ ಏಳು ವರ್ಷಕ್ಕೆ ಚಿಕ್ಕವಳು. ಮದುವೆಯಾಗಿ ಸಂಭಾಜಿನಗರಕ್ಕೆ ಬಂದಳು. ಅವಳ ಗಂಡನಿಗೆ ವಾಳೂಜದ ಕಾರ್ಖಾನೆಯೊಂದರಲ್ಲಿ ಕೆಲಸ. ಆ ಊರು ನಾವು ನೋಡುನೋಡುತ್ತಿದ್ದಂತೆ ಬೆಳೆಯಿತು. ಅವಳ ಮನೆಯ ಹಿಂದೆ ಹೊಲವಿತ್ತು. ಒಂದು ಸಲ ಹೋದಾಗ ಅಲ್ಲಿ ತಳಪಾಯ, ಮುಂದಿನ ಸಲ ನಾಲ್ಕು ಮಾಳಿಗೆ. ಹೊಸ ಹೊಸ ಕಾರ್ಖಾನೆಗಳಿಗೆ ಬೀದರ, ಕಲಬುರಗಿ ಕಡೆಯಿಂದ ಒಂಟಿ ಗಂಡಸರು ಬಂದು ಒಂದೊಂದು ಖೋಲಿಯಲ್ಲಿ ನಾಲ್ಕು ನಾಲ್ಕು ಜನ ಇರತೊಡಗಿದರು. ಅವರಿಗೆ ರೊಟ್ಟಿ ಬೇಕಿತ್ತು. ತಂಗಿ ಮೊದಲು ತನ್ನ ಓಣಿಯ ಎರಡು ಖೋಲಿಗಳಿಗೆ ಬಡಿದು ಕೊಟ್ಟಳು, ಆಮೇಲೆ ಇಪ್ಪತ್ತು ಖೋಲಿಗಳಿಗೆ. ಪಕ್ಕದ ಮನೆಯ ಹೆಣ್ಣುಮಗಳನ್ನು ಜೊತೆಗೆ ಕರೆದುಕೊಂಡಳು. ಈಗ ನಾನು ಹೇಳಿದೆನಲ್ಲ, ಪೆಟ್ಟಿಗೆ ತಂದವಳು, ಅವಳೇ. ಅವಳದು ಪೈಠಣದ ಕಡೆಯ ಒಕ್ಕಲುತನದ ಮನೆ. ಜೋಳ ಅವಳ ತವರಿನ ಹೊಲದಿಂದಲೇ ಬರುತ್ತಿತ್ತು. ಮರಾಠಿ ಮನೆಗಳ ದಪ್ಪ ರೊಟ್ಟಿ, ಭಾಕ್ರಿ ತಟ್ಟುವುದಷ್ಟೇ ಗೊತ್ತಿದ್ದ ಅವಳಿಗೆ ತಂಗಿ ತೆಳ್ಳಗೆ ಬಡಿಯುವುದನ್ನು ಕಲಿಸಿದಳು. ಕಲಿಸುತ್ತ ಕಲಿಸುತ್ತ ಕನ್ನಡವನ್ನೂ ಕಲಿಸಿದಳು.

ನಮ್ಮ ಅವ್ವ ಹೇಳುತ್ತಿದ್ದ ಮಾತೊಂದಿತ್ತು. "ನಡುವ ಯಾರಾದ್ರೂ ತೆಳ್ಳಗ ಬಡೀತಾರ. ಕೈ ಯಾರದು ಅಂತ ಅಂಚಿನಾಗ ಗೊತ್ತಾಗತೈತಿ." ತಂಗಿಯ ರೊಟ್ಟಿಯ ಅಂಚು ಕಾಗದದಂತಿರುತ್ತಿತ್ತು. ನನ್ನದು ಯಾವತ್ತೂ ದಪ್ಪ.

ಒಂದು ದಿನ ಫೋನಿನಲ್ಲಿ ಹೇಳಿದಳು, "ಅಕ್ಕಾ, ಇಲ್ಲಿ ಇಂಜಿನಿಯರಿಂಗ್ ಕಾಲೇಜಿನಾಗ ಒಂದು ಸೆಂಟರ್ ತಗದಾರ. ಊರಿನ ಮಂದಿ ಏನಾದ್ರೂ ಹೊಸಾದು ಚಾಲೂ ಮಾಡಿದ್ರ ಕಲಸ್ತಾರಂತ, ಜಾಗಾ ಕೊಡ್ತಾರಂತ. ನನ್ನ ಹೆಸರೂ ಬರಸೀನಿ. ನಂದು ಈಗ ಸ್ಟಾರ್ಟಪ್ ಅಂತ!"

"ಹಂಗಂದ್ರೇನಲೇ?"

"ರೊಟ್ಟಿ ಬಡಿಯೂ ಹೆಣಮಗಳ ಮುಂದ ಕೋಟು ಹಾಕ್ಕೊಂಡಾವ ಒಬ್ಬಾವ ನಿಂತ್ರ ಅದು ಸ್ಟಾರ್ಟಪ್."

ಇಬ್ಬರೂ ನಕ್ಕೆವು. ಅವಳ ನಗು ನೆನಪಿದೆ. ನನ್ನ ನಗುವಿನೊಳಗೆ ಸ್ವಲ್ಪ ಬೇರೆಯದೂ ಇತ್ತು, ಅದೂ ನೆನಪಿದೆ. ನಮ್ಮ ಮನೆಗಳಲ್ಲಿ ರೊಟ್ಟಿ ಬಡಿದು ಮಾರುವುದು ದಿಕ್ಕಿಲ್ಲದವರ ಕೆಲಸ ಎಂದು ತಿಳಿದು ಬೆಳೆದವರು ನಾವು. ಗಂಡ ದುಡಿಯುತ್ತಿರುವಾಗ ಇದೆಲ್ಲ ಯಾಕೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಆದರೂ ಮೊದಲ ಪೆಟ್ಟಿಗೆ ಬಂದಾಗ ನಾನು ಸುಳ್ಳು ಹೇಳಲಿಲ್ಲ. ಚೀಟಿ ಸಮೇತ ಎರಡು ಮನೆಗಳಿಗೆ ಒಯ್ದು, "ನನ್ನ ತಂಗಿ ಮಾಡ್ಯಾಳ್ರಿ, ಸಂಭಾಜಿನಗರದಾಗ" ಎಂದೆ. ಅದರಲ್ಲಿ ಒಂದು ಮನೆ ನಮ್ಮೆಲ್ಲರಿಗೂ ಹಿರಿಯರಾದ ಕಾಕೂ ಅವರದು. ಕಾಕಾ ಬ್ಯಾಂಕಿನಿಂದ ನಿವೃತ್ತರು. ಕಾಕೂ ಬಾಗಲಕೋಟೆ ಕಡೆಯವರು, ಎಪ್ಪತ್ತು ದಾಟಿದವರು. ಅವರು ಒಪ್ಪಿದ್ದನ್ನು ಉಳಿದವರು ಒಪ್ಪುತ್ತಾರೆ. ಅವರು ಪಾಕೀಟನ್ನು ತೆರೆಯಲೂ ಇಲ್ಲ. ಚೀಟಿ ಓದಿ ನನ್ನ ಕೈಗೇ ವಾಪಸು ಕೊಟ್ಟರು.

"ಅಲ್ಲಿ ನೀರು ಬ್ಯಾರೆ, ಜ್ವಾಳ ಬ್ಯಾರೆ. ಮರಾಠಿ ಮಂದಿ ತಟ್ಟಿದ್ದು ರೊಟ್ಟಿ ಏನವಾ? ಭಾಕ್ರಿ ಒಣಗಿಸಿದ್ರ ರೊಟ್ಟಿ ಆಕ್ಕೈತೇನು?"

ಇನ್ನೊಂದು ಮನೆಯವರು ಮರ್ಯಾದೆಗೆ ಇಟ್ಟುಕೊಂಡರು. ಮರುದಿನ ಅವರ ಮನೆ ಕೆಲಸದವಳ ಕೈಯಲ್ಲಿ ಆ ಪಾಕೀಟು ನೋಡಿದೆ.

ಅದೇ ಸಮಯಕ್ಕೆ ವಿಜಯಪುರದಲ್ಲಿ ನಮಗೆ ರೊಟ್ಟಿ ಮಾಡಿಕೊಡುತ್ತಿದ್ದ ಮುದುಕಿ ಕೈ ನಡುಗು ಬಂದು ಕೆಲಸ ನಿಲ್ಲಿಸಿದಳು. ಎಳ್ಳಮವಾಸ್ಯೆ ಎದುರಿಗಿತ್ತು. ಯಾದಿಯಲ್ಲಿ ಹದಿನೈದು ಮನೆಗಳ ಹೆಸರಿತ್ತು. ಊರಿಂದ ಬರಲಿಲ್ಲ ಎಂದು ಹೇಳಿದರೆ ವಹಿ ಇನ್ನೊಬ್ಬರ ಕೈಗೆ ಹೋಗುತ್ತದೆ ಎಂದು ನನಗೆ ಹೆದರಿಕೆ. ತಂಗಿಯ ಪೆಟ್ಟಿಗೆ ಅಟ್ಟದ ಮೇಲೆ ಹಾಗೇ ಇತ್ತು. ಅದರ ಪಕ್ಕದಲ್ಲಿ ಹಿಂದಿನ ಸಲ ಊರಿಂದ ಸಾಮಾನು ಸುತ್ತಿ ಬಂದಿದ್ದ ಕನ್ನಡ ಪೇಪರುಗಳು, ಮಡಚಿ ಇಟ್ಟಿದ್ದವು.

ಮಧ್ಯಾಹ್ನ ಬಾಗಿಲು ಹಾಕಿ ಕುಳಿತೆ. ಪಾಕೀಟು ಒಡೆದು, ರೊಟ್ಟಿ ತೆಗೆದು, ಕನ್ನಡ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದೆ. ಒಂದೇ ಸಲ ಎಂದುಕೊಂಡೆ. ತಿಂದು ಹೊಗಳಿದ ಮೇಲೆ ಎಲ್ಲರ ಎದುರು ನಿಜ ಹೇಳಿ ಬಾಯಿ ಮುಚ್ಚಿಸುತ್ತೇನೆ ಎಂದುಕೊಂಡೆ. ನಿಜವಾಗಿಯೂ ಹಾಗೆಯೇ ಅಂದುಕೊಂಡಿದ್ದೆ.

ಕಾಕೂ ತಿಂದರು. "ನೋಡವಾ, ಇದು ರೊಟ್ಟಿ! ನೀರಿನ ಗುಣ" ಎಂದರು. ಕಣ್ಣು ಮುಚ್ಚಿ ಅಗಿಯುತ್ತಿದ್ದರು. ಆಗಲೇ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರು, "ನೀ ಇರೂದಕ್ಕ ನಮಗ ಇಲ್ಲಿ ಊರು ಐತಿ ನೋಡು" ಎಂದರು. ನಾನು ಇನ್ನೊಂದು ರೊಟ್ಟಿ ಅವರ ತಟ್ಟೆಗೆ ಹಾಕಿದೆ.

ಆಮೇಲೆ ಅದೇ ನಡೆಯಿತು. ತಂಗಿ ಪೆಟ್ಟಿಗೆ ಕಳಿಸುತ್ತಿದ್ದಳು, ನಾನು ಚೀಟಿ ಕೀಳುತ್ತಿದ್ದೆ. ಕೀಳಲು ಬಾರದ ಪಾಕೀಟು ಒಡೆಯುತ್ತಿದ್ದೆ. ಪೇಪರು ಮುಗಿದವು. ಊರಿನಲ್ಲಿದ್ದ ಚಿಗವ್ವನ ಸೊಸೆಗೆ ಫೋನು ಮಾಡಿ, ಬರುವವರ ಕೈಯಲ್ಲಿ ಹಳೆ ಪೇಪರು ಕಳಿಸು, ಕಪಾಟಿಗೆ ಹಾಸಲು ಬೇಕು ಎಂದೆ. ರೊಟ್ಟಿ ಹೇಗೆ ಬಂತು ಎಂದು ಕೇಳಿದವರಿಗೆ ಬಸ್ಸಿನ ಪಾರ್ಸಲಿಗೆ ಎನ್ನುತ್ತಿದ್ದೆ. ಊರಿಂದ ನನಗೆ ಬರುತ್ತಿದ್ದದ್ದು ಈಗ ರದ್ದಿ ಮಾತ್ರ.

ಒಮ್ಮೆ ಕಾಕಾ ಸುತ್ತಿದ ಪೇಪರನ್ನು ಬಿಡಿಸಿ ಓದುತ್ತ, "ಅಲ್ಲವಾ, ಇದರಾಗ ಹ್ವಾದ ವರ್ಷದ ದೀಪಾವಳಿ ಜಾಹೀರಾತು ಐತಿ" ಎಂದರು.

ನಾನು ಬಿಚ್ಚಿದ ದಾರ ಸುತ್ತಿಡುತ್ತ ಹೇಳಿದೆ, "ಊರಾಗ ರದ್ದಿ ಹಂಗ ಇರತಾವ್ರಿ ಕಾಕಾ."

"ಎರಡ ದಿನದಾಗ ಮಳಿ ಬರತೈತಿ ಅಂತ ಬರದಾರ. ಬಂದು ಹೋತು ಆ ಮಳಿ." ನಕ್ಕು, ಪೇಪರನ್ನು ಕೈಯಿಂದ ಸವರಿ ನೇರ ಮಾಡಿದರು. "ನಡೀತೈತಿ. ಕನ್ನಡ ಅಕ್ಷರ ಐತಲ್ಲ."

ತಂಗಿಗೆ ಇದು ಗೊತ್ತಿರಲಿಲ್ಲ. "ನಾಶಿಕದವರು ಏನಂತಾರ?" ಎಂದು ಪ್ರತಿ ಸಲ ಕೇಳುತ್ತಿದ್ದಳು. "ಭಾಳ ಹೊಗಳತಾರ" ಎನ್ನುತ್ತಿದ್ದೆ. ಅದು ಸುಳ್ಳೂ ಅಲ್ಲ.

ಎರಡು ವರ್ಷ ಕಳೆದ ಮೇಲೆ ಆ ಕಾಲೇಜಿನ ಸೆಂಟರಿನವರು ಒಂದು ದಿನ ಗೊತ್ತು ಮಾಡಿದರು. ಊರಿನ ಸಣ್ಣ ಉದ್ಯೋಗಸ್ಥರೆಲ್ಲ ಬಂದು ತಮ್ಮ ತಮ್ಮ ಕೆಲಸ ತೋರಿಸಬೇಕು. ಕೆಲವರನ್ನು ಆರಿಸಿ ಕೆಲಸಕ್ಕೆ ಜಾಗ, ಬೇರೆ ಊರುಗಳಿಗೆ ಮಾಲು ಕಳಿಸುವ ವ್ಯವಸ್ಥೆ ಮಾಡಿಕೊಡುತ್ತಾರೆ. ತಂಗಿ ಒಂದು ಖೋಲಿಯಲ್ಲಿ ನಾಲ್ಕು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಬಡಿಯುತ್ತಿದ್ದಳು. ಮಳೆಗಾಲದಲ್ಲಿ ರೊಟ್ಟಿ ಒಣಗಿಸಲು ಜಾಗವಿರುತ್ತಿರಲಿಲ್ಲ. ಆ ಜಾಗ ಸಿಕ್ಕರೆ ಅವಳ ಕೆಲಸ ತನ್ನ ಕಾಲ ಮೇಲೆ ನಿಲ್ಲುತ್ತಿತ್ತು; ಇಲ್ಲದಿದ್ದರೆ ಹೀಗೇ ಓಣಿಯೊಳಗೇ.

"ಅಕ್ಕಾ, ಹೊರಗಿನ ಊರಿನ ಗಿರಾಕಿ ಯಾರಾದ್ರೂ ಬಂದು ಮಾತಾಡ್ಬೇಕಂತ. ನಂಗ ಹೊರಗಿನ ಊರು ಅಂದ್ರ ನಾಶಿಕ ಒಂದ. ನಾಕು ಮಂದಿ ಕರಕೊಂಡ ಬಾ. ಕಾಕೂ ಬಂದ್ರಂತೂ ಮುಗದ ಹೋತು, ಅವರು ಮಾತಾಡಿದ್ರ ಕೋಟಿನಾಂವ ಕೋಟು ಬಿಚ್ಚಿ ಇಡ್ತಾನ."

"ಆತು, ನೋಡ್ತೀನಿ" ಎಂದೆ.

ಯಾರನ್ನು ಕರೆದೊಯ್ಯಲಿ? ಅವಳ ರೊಟ್ಟಿಯನ್ನು ತಿಂದವರು ಹದಿನೈದು ಮನೆ. ಅವಳ ರೊಟ್ಟಿ ತಿಂದಿದ್ದೇವೆ ಎಂದು ಗೊತ್ತಿದ್ದವರು ಒಬ್ಬರೂ ಇಲ್ಲ. ಕಾಕೂ ಮನೆಯ ಬಾಗಿಲ ತನಕ ಎರಡು ಸಲ ಹೋಗಿ ತಿರುಗಿ ಬಂದೆ. ಆ ದಿನ ಬೆಳಿಗ್ಗೆ ಫೋನು ಮಾಡಿ, ನಿಮ್ಮ ಭಾವಾರಿಗೆ ಬಿಪಿ ಏರಿದೆ, ಬರಲು ಆಗುವುದಿಲ್ಲ ಎಂದೆ. ಅವರು ಪಕ್ಕದ ಕೋಣೆಯಲ್ಲಿ ಆರಾಮಾಗಿ ದಾಡಿ ಮಾಡಿಕೊಳ್ಳುತ್ತಿದ್ದರು.

"ಇರಲಿ ಬಿಡಕ್ಕಾ. ಭಾವಾರನ್ನ ನೋಡ್ಕೊ" ಎಂದಳು. ಸ್ವಲ್ಪ ತಡೆದು, "ಫೋನ್ ಹತ್ರ ಇಟ್ಕೊ. ಅವರು ಕೇಳಿದ್ರ ಹಚ್ಚತೀನಿ. ಕಾಕೂಗ ಕೊಡು, ಎರಡ ಮಾತು ಸಾಕು" ಎಂದಳು.

ಹನ್ನೊಂದು ಗಂಟೆಯ ಸುಮಾರಿಗೆ ಫೋನು ಬಂತು. ನಾನು ಮೆಂತೆ ಸೊಪ್ಪು ಬಿಡಿಸುತ್ತಿದ್ದೆ. ಫೋನು ನನ್ನ ಮೊಳಕಾಲಿನ ಹತ್ತಿರವೇ ಇತ್ತು. ಪರದೆಯ ಮೇಲೆ ಅವಳ ಫೋಟೋ, ನನ್ನ ಮಗಳು ತೆಗೆದದ್ದು. ಅದು ನಿಲ್ಲುವವರೆಗೂ ನೋಡುತ್ತ ಕುಳಿತೆ. ಮತ್ತೊಮ್ಮೆ ಬಂತು. ಮತ್ತೊಮ್ಮೆ ನೋಡಿದೆ. ಮೆಂತೆ ಬಿಡಿಸುವುದನ್ನು ಮಾತ್ರ ಕೈ ನಿಲ್ಲಿಸಲಿಲ್ಲ.

ಸಂಜೆ ಅವಳೇ ಹೇಳಿದಳು. ಮೇಜಿನ ಆಚೆ ಕುಳಿತವರು, ನಾಶಿಕಿನ ಗಿರಾಕಿ ಯಾರು, ಈಗಲೇ ಮಾತಾಡಿಸಿ ಎಂದರಂತೆ. ಎಲ್ಲರ ಎದುರು ಸ್ಪೀಕರ್ ಹಾಕಿ ಹಚ್ಚಿದ್ದಾಳೆ. ಎರಡು ಸಲ ಬರೀ ಗಂಟೆ ಹೋಗಿದೆ. ಹಿಂದೆ ಯಾರೋ ನಕ್ಕಿದ್ದಾರೆ. ಯಾರ ನಂಬರು ಅದು ಎಂದು ಕೇಳಿದ್ದಕ್ಕೆ ಇವಳು ಅಕ್ಕನದು ಎಂದಿದ್ದಾಳೆ. ಅವರು ಸಮಾಧಾನದ ದನಿಯಲ್ಲಿಯೇ ಹೇಳಿದರಂತೆ, "ಬಹಿಣ ಮ್ಹಣಜೆ ಮಾರ್ಕೆಟ್ ನಾಹೀ, ತಾಈ." ಅಕ್ಕ ಅಂದರೆ ಮಾರುಕಟ್ಟೆಯಲ್ಲ.

"ಭಾವಾರು ಹೆಂಗದಾರ ಈಗ?" ಎಂದು ಕೇಳಿದಳು.

ನಾನು ಚೀಟಿ ಕಿತ್ತು ಹಂಚುವುದು ಅವಳಿಗೆ ಗೊತ್ತಾದದ್ದು ಮುಂದಿನ ಸಂಕ್ರಾಂತಿಗೆ. ಹಳದಿ-ಕುಂಕುಮದ ದಿನಗಳು. ಬಹಳ ದಿನಗಳ ಮೇಲೆ ನನ್ನ ಮನೆಗೆ ಬಂದಿದ್ದಳು. ಕಾಕೂ ಕರೆದಿದ್ದರು, ತಂಗಿಯನ್ನು ಬಿಟ್ಟು ಹೋಗಲು ಆಗುವಂತಿರಲಿಲ್ಲ, ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ದೇವರೇ ದೇವರೇ ಎನ್ನುತ್ತಿದ್ದೆ. ಕುಂಕುಮ ಹಚ್ಚಿ, ಎಳ್ಳುಬೆಲ್ಲ ಕೊಟ್ಟು, ಕಾಕೂ ಒಳಗಿನಿಂದ ತಟ್ಟೆ ತರಿಸಿದರು. ತಟ್ಟೆಯಲ್ಲಿ ಕನ್ನಡ ಪೇಪರು, ಪೇಪರಿನ ಮೇಲೆ ನಾಲ್ಕು ತುಂಡು ಮಾಡಿದ ರೊಟ್ಟಿ, ಪಕ್ಕಕ್ಕೆ ಹಿಂಡಿ.

"ತಿನ್ನವಾ. ಊರಿಂದ ಬಂದದ್ದು. ನಿಮ್ಮಕ್ಕನ ತರಸ್ಯಾಳ. ನಿಮ್ಮ ಸಂಭಾಜಿನಗರದಾಗ ಇಂಥಾದ್ದು ಸಿಗಂಗಿಲ್ಲ."

ತಂಗಿ ಒಂದು ತುಂಡು ಎತ್ತಿಕೊಂಡಳು. ಬಾಯಿಗೆ ಹಾಕುವ ಮೊದಲು ಬೆರಳಿನಿಂದ ಅಂಚನ್ನು ಸವರಿದಳು. ನನ್ನ ಕಡೆ ಒಮ್ಮೆ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ಒಳ್ಳೆಯದಿತ್ತು. ಲೆಕ್ಕ ತಪ್ಪಿದ ಮಗುವಿನ ಹಾಗೆ ನೋಡಿದಳು, ಎಲ್ಲಿ ತಪ್ಪಿತು ಎಂದು ಹುಡುಕುವ ಹಾಗೆ. ಆಮೇಲೆ ಕಾಕೂ ಕಡೆ ತಿರುಗಿ, "ಹೌದ್ರಿ ಕಾಕೂ, ಊರಿನ ರುಚಿನ ಐತಿ" ಎಂದಳು.

ರಿಕ್ಷಾದಲ್ಲಿ ಬರುವಾಗ ಕೇಳಿದ್ದು ಒಂದೇ. "ನಾ ಬಡಿದದ್ದು ಅಂದ್ರ ತಿನ್ನಂಗಿಲ್ಲೇನಕ್ಕಾ ಅವರು?"

ನಾನು ಏನೋ ಹೇಳಿದೆ. ಹಳೆ ಮಂದಿ, ಅವರ ತಲೆ ಹಾಗೆ, ನಿನ್ನ ಮಾಲು ಹೋಗಲಿ ಎಂದೇ ಮಾಡಿದೆ. ಅವಳು ಹೊರಗೆ ನೋಡುತ್ತ, ಹೂಂ, ಹೂಂ ಎಂದಳು. ಫೋನಿನ ವಿಷಯ ಅವಳು ಎತ್ತಲಿಲ್ಲ. ಆಗ ಅವಳಿಗೆ ಅದೂ ತಿಳಿದಿರಲೇಬೇಕು. ಅವಳು ದಡ್ಡಿಯಾಗಿರಲಿಲ್ಲ.

ಮುಂದಿನ ತಿಂಗಳು ಪೆಟ್ಟಿಗೆ ಬಂತು. ಒಡೆದು ನೋಡಿದರೆ ಒಂದು ಪಾಕೀಟಿನ ಮೇಲೂ ಚೀಟಿ ಇರಲಿಲ್ಲ. ನನಗೆ ಕೀಳುವ ತೊಂದರೆ ಬೇಡವೆಂದು ಅವಳೇ ಅಂಟಿಸಿರಲಿಲ್ಲ. ಅದನ್ನು ನೋಡಿಯೂ ನಾನು ಅವತ್ತು ಪೇಪರಿನಲ್ಲಿ ಸುತ್ತಿದೆ. ಅವತ್ತೂ ಹಂಚಿ ಬಂದೆ. ಆದದ್ದು ಹಾಗೆಯೇ.

ಶ್ರಾವಣದಲ್ಲಿ ಅವಳಿಗೆ ಜ್ವರ ಬಂತು. ಡೆಂಗೀ ಎಂದರು. ನಾನು ಹೋಗುವಷ್ಟರಲ್ಲಿ ಮಾತು ನಿಂತಿತ್ತು. ಒಂಬತ್ತನೆಯ ದಿನ ಹೋದಳು. ಕ್ಷಮಿಸು ಎನ್ನಲು ಸಮಯ ಸಿಗಲಿಲ್ಲ ಎಂದು ಬರೆಯಲು ಮನಸ್ಸಾಗುತ್ತದೆ. ಅದು ನಿಜವಲ್ಲ. ಸಂಕ್ರಾಂತಿಯಿಂದ ಶ್ರಾವಣದವರೆಗೆ ಸಮಯವಿತ್ತು.

ನಾಶಿಕಿಗೆ ಮರಳಿದ ಮೇಲೆ ಹದಿನೈದು ಮನೆಗಳವರೂ ಮಾತಾಡಿಸಲು ಬಂದರು. ಒಬ್ಬರು ಸಾರು-ಅನ್ನ ತಂದರು. ಇನ್ನೊಬ್ಬರು ಹೊರಡುವಾಗ ಬಾಗಿಲಲ್ಲಿ ನಿಂತು, ತಪ್ಪು ತಿಳಿಯಬೇಡಿ ಎನ್ನುತ್ತ, "ದಸರಾಕ್ಕ ಊರಿಂದ ರೊಟ್ಟಿ ಬರತಾವಲ್ರಿ?" ಎಂದು ಕೇಳಿದರು. ಅವರ ತಪ್ಪೇನೂ ಇಲ್ಲ. ರೊಟ್ಟಿ ಬಡಿಯುವ ಕೈ ಹೋಗಿದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಆಮೇಲೆ, ಮೊದಲಿಗೆ ಹೇಳಿದೆನಲ್ಲ, ಚೀಟಿ ಅಂಟಿಸಿದ ಆ ಪೆಟ್ಟಿಗೆ ಬಂತು. ತಂದವಳು ನೆಲದ ಮೇಲೆ ಕುಳಿತು ಚಹಾ ಕುಡಿದಳು. ನನ್ನ ತಂಗಿಯ ಕನ್ನಡ ಅವಳ ಬಾಯಲ್ಲಿತ್ತು, ಅದೇ ಎಳೆತ, ಅದೇ 'ಐತಿ'. "ತಾಈ ಚೀಟಿ ಬ್ಯಾಡ ಅಂತಿದ್ರು ನಾಶಿಕ್‌ಗೆ. ನಾ ಈ ಸಲ ಹಚ್ಚೀನಿ. ಕೊನೀದು ಐತಿ ನಾ? ಅವರದು ಅಂತ ಗೊತ್ತಾಗ್ಲಿ."

ಯಾರಿಗೆ ಗೊತ್ತಾಗಲಿ ಎಂದು ನಾನು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಒಂದು ಪಾಕೀಟು ಹಿಡಿದುಕೊಂಡು ಕಾಕೂ ಮನೆಗೆ ಹೋದೆ.

"ಕಾಕೂ, ಇದು ನನ್ನ ತಂಗಿ ಬಡಿದದ್ದು."

"ಆಕಿ ಹೋಗಿ ದಿನಾ ಆತಲ್ಲವಾ."

"ಹೋಗೂ ಮೊದಲ ಬಡದಿಟ್ಟಿದ್ಲು. ಇದಷ್ಟ ಅಲ್ರಿ. ಮೂರು ವರ್ಷ ಈ ಮನಿಗೆ ಬಂದದ್ದೆಲ್ಲಾ ಆಕಿ ಬಡಿದದ್ದನ. ಊರಿಂದ ಒಂದ ರೊಟ್ಟಿನೂ ಬಂದಿಲ್ಲ."

ಕಾಕೂ ನನ್ನ ಮುಖವನ್ನೇ ನೋಡಿದರು. "ಮತ್ತ ಪೇಪರು?"

"ನಾನ ಸುತ್ತಿದ್ದುರಿ."

ಕಾಕಾ ತಮ್ಮ ಕುರ್ಚಿಯಲ್ಲಿ ಕನ್ನಡಕ ತೆಗೆದು ಒರೆಸತೊಡಗಿದರು. ಕಾಕೂ ಮೊಳಕಾಲು ಒತ್ತಿಕೊಳ್ಳುತ್ತ ಕುಳಿತರು. ನಂತರ ಹೇಳಿದರು, "ನಾ ಊರಿಗೆ ಹೋಗಿ ಹನ್ನೊಂದು ವರ್ಷ ಆತು. ಈ ಮೊಳಕಾಲಿನ್ಯಾಗ ಇನ್ನ ಆಗೂದೂ ಇಲ್ಲ. ಆ ರೊಟ್ಟಿ ಮುರದಾಗೊಮ್ಮೆ ನಮ್ಮ ಹಿತ್ತಲದ ಬಾವಿ ನೆನಸ್ತಿದ್ದೆ. ಅದನ್ನೂ ಸುಳ್ಳ ಮಾಡಿದೆಲ್ಲ."

ಅವರನ್ನೂ ಹೀಗೆ ನೋಯಿಸಿದ್ದೇನೆಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ನನ್ನ ತಪ್ಪು ತಂಗಿಗೆ ಮಾತ್ರ ಎಂದುಕೊಂಡಿದ್ದೆ. ಹೋಗು ಎಂದು ಅವರು ಅನ್ನಲಿಲ್ಲ, ಕೂಡು ಎಂದೂ ಅನ್ನಲಿಲ್ಲ. ಪಾಕೀಟನ್ನು ಮೇಜಿನ ಮೇಲಿಟ್ಟು ಬಂದೆ.

ಉಳಿದ ಮನೆಗಳಿಗೂ ಹೋದೆ. ಕೆಲವರು ನಕ್ಕುಬಿಟ್ಟರು, "ಅಂದ್ರ ಇಲ್ಲೇ ಸಿಗತಿತ್ತೇನ್ರಿ" ಎಂದರು. ಒಬ್ಬರು ಪಾಕೀಟು ತೆಗೆದುಕೊಳ್ಳಲಿಲ್ಲ. ಒಂದು ಮನೆಯಲ್ಲಿ ಬಾಗಿಲು ತೆರೆದ ಹುಡುಗಿಗೆ ಕನ್ನಡ ಸರಿಯಾಗಿ ತಿಳಿಯದೆ ನಾನು ಎಲ್ಲವನ್ನೂ ಮರಾಠಿಯಲ್ಲಿ ಮತ್ತೊಮ್ಮೆ ಹೇಳಬೇಕಾಯಿತು. ಯಾದಿಯ ವಹಿ ಈಗ ನನ್ನ ಹತ್ತಿರ ಇಲ್ಲ. ಯಾರೂ ಕಸಿದುಕೊಳ್ಳಲಿಲ್ಲ, ಕೇಳಿದವರಿಗೆ ನಾನೇ ಕೊಟ್ಟೆ.

ದಸರೆ ಕಳೆದ ಮೇಲೆ ತಂಗಿಯ ಜೊತೆಗಾತಿ ಫೋನು ಮಾಡಿದಳು. ಸೆಂಟರಿನವರು ಮತ್ತೆ ಕರೆದಿದ್ದಾರೆ. ನಾಲ್ಕೂ ಹೆಣ್ಣುಮಕ್ಕಳು ಬಡಿಯುತ್ತಿದ್ದಾರೆ, ಬಿಟ್ಟಿಲ್ಲ. ಹೊರಗಿನ ಊರಿನವರು ಬೇಕು. "ಅಕ್ಕಾ, ಈ ಸಲ ಬರ್ತೀರಿ ಕಾ?"

ಬರುತ್ತೇನೆ ಎಂದೆ. ಒಬ್ಬಳೇ ಹೋಗುವುದೆಂದು ಟಿಕೀಟು ತೆಗೆಸಿದೆ. ಹಿಂದಿನ ದಿನ ಕಾಕೂ ಅವರ ಫೋನು. ಆವತ್ತಿನ ನಂತರ ಮೊದಲ ಸಲ.

"ಹೋಗಾಕತ್ತಿಯಂತ. ನಾನೂ ಬರ್ತೀನಿ. ಎಲ್ಲಿ ಬಡೀತಾರ, ಕೈ ತೊಳಕೋತಾರೋ ಇಲ್ಲೋ, ನನ್ನ ಕಣ್ಣಿಲೆ ನೋಡಬೇಕು. ನೀ ಹೇಳಿದ್ದು ನಂಬೂ ಕಾಲ ಮುಗೀತು."

ರೈಲಿನಲ್ಲಿ ನನ್ನ ಪಕ್ಕ ಜಾಗವಿದ್ದರೂ ಅವರು ಎದುರಿನ ಸೀಟಿಗೆ ಕುಳಿತರು. ದೌಲತಾಬಾದ್ ಕೋಟೆ ಕಿಟಕಿಯಲ್ಲಿ ಕಂಡಿತು. "ಕೋಟಿ ಕಂಡ್ರ ಚಪ್ಪಲಿ ಹಾಕ್ಕೋ ಅಕ್ಕಾ, ನಾ ಸ್ಟೇಶನ್‌ದಾಗ ನಿಂತಿರತೀನಿ" ಎಂದು ತಂಗಿ ಪ್ರತಿ ಸಲ ಹೇಳುತ್ತಿದ್ದಳು. ಚಪ್ಪಲಿ ಹಾಕಿಕೊಂಡೆ.

ಮೊದಲು ಆ ಖೋಲಿಗೆ ಹೋದೆವು. ಕಾಕೂ ಸ್ಟೂಲಿನ ಮೇಲೆ ಕುಳಿತು, ಹಿಟ್ಟು ಮುಟ್ಟಿ ನೋಡಿದರು, ನೀರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದರು, ಬಡಿಯುವವರ ಉಗುರು ನೋಡಿದರು. "ಜ್ವಾಳ ಎಲ್ಲೀದು?" ಎಂದರು. ಪೈಠಣದ್ದು, ಮಾಲದಂಡಿ ತಳಿ ಎಂದು ತಂಗಿಯ ಜೊತೆಗಾತಿ ಹೇಳಿದಳು. "ನಮ್ಮ ಕಡೇನೂ ಅದನ" ಎಂದು ತಮ್ಮಷ್ಟಕ್ಕೆ ಅಂದುಕೊಂಡರು.

ಕಾಲೇಜಿನಲ್ಲಿ ಮೇಜಿನ ಆಚೆ ಮೂವರು ಕುಳಿತಿದ್ದರು. ಕಾಕೂ ತಮ್ಮ ಬಾಗಲಕೋಟೆಯ ಮರಾಠಿಯಲ್ಲಿ ಹೇಳಿದರು: ನಾನು ಇವರ ಸಂಬಂಧಿಕಳಲ್ಲ. ಮೊದಲ ಸಲ ಚೀಟಿ ನೋಡಿ ಇದು ಭಾಕ್ರಿ ಎಂದು ಹಿಂದಕ್ಕೆ ಕೊಟ್ಟೆ. ಪೇಪರಿನಲ್ಲಿ ಸುತ್ತಿ ಕೊಟ್ಟಾಗ ನನ್ನ ಊರಿನದೆಂದು ಮೂರು ವರ್ಷ ತಿಂದೆ. ರೊಟ್ಟಿ ಒಂದೇ ಇತ್ತು. ಇನ್ನು ನೀವೇ ತಿಳಿದುಕೊಳ್ಳಿ.

ಅವರು ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ. ನನಗೆ ಬರುವ ಮರಾಠಿಯಲ್ಲಿ, "ಹೋದ ಸಲ ಇಲ್ಲಿಂದ ಎರಡು ಸಲ ಫೋನು ಬಂದಿತ್ತು. ಫೋನು ನನ್ನ ಹತ್ತಿರವೇ ಇತ್ತು. ನಾನು ಎತ್ತಲಿಲ್ಲ" ಎಂದೆ. ಅಷ್ಟು ಹೇಳಿ ಕುಳಿತೆ. ಅವರಲ್ಲಿ ಒಬ್ಬರಿಗೆ ನೆನಪಿತ್ತೆಂದು ಕಾಣುತ್ತದೆ. ಪೆನ್ನು ಕೆಳಗಿಟ್ಟು ತಲೆ ತಗ್ಗಿಸಿದರು.

ಕೆಲವು ದಿನಗಳ ಮೇಲೆ ಆ ಹೆಣ್ಣುಮಕ್ಕಳಿಗೆ ಜಾಗ ಸಿಕ್ಕಿತು. ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅದರಲ್ಲಿ ನನ್ನದೇನೂ ಇಲ್ಲ.

ತಿರುಗಿ ಬರುವ ರೈಲಿನಲ್ಲಿ ಕಾಕೂ ಚೀಲದಿಂದ ಪಾಕೀಟು ತೆಗೆದರು. ಖೋಲಿಯಿಂದ ಹೊರಡುವಾಗ ಅಲ್ಲಿಯವರು ಕೊಟ್ಟದ್ದು, ಆ ದಿನವೇ ಬಡಿದು ಒಣಗಿಸಿದ್ದು, ಚೀಟಿ ಸಮೇತ. ಒಂದು ರೊಟ್ಟಿ ಮುರಿದು ಅರ್ಧ ನನ್ನ ಕೈಗೆ ಕೊಟ್ಟರು. ತಾವು ಒಂದು ತುಂಡು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದರು. ಆಮೇಲೆ ಉಳಿದ ತುಂಡಿನ ಅಂಚನ್ನು ಹೆಬ್ಬೆರಳಿನಿಂದ ಸವರಿ, ತಲೆ ಅಲ್ಲಾಡಿಸಿದರು.

"ಛಲೋ ಐತಿ. ಆದ್ರ ಅಂಚು ದಪ್ಪ ಆಗೈತಿ" ಎಂದರು. "ನಿನ್ನ ತಂಗೀದಲ್ಲ ಇದು."

ನಾಶಿಕಿನವರೊಬ್ಬರು ರೊಟ್ಟಿ ಹಿಡಿದು ನನ್ನ ತಂಗಿಯ ಕೈಯನ್ನು ಹೆಸರಿಸಿದ್ದು ಅದೇ ಮೊದಲು. ನಾನು ಮುಖ ಕಿಟಕಿಯ ಕಡೆ ತಿರುಗಿಸಿಕೊಂಡೆ. ಅಲ್ಲ ಕಾಕೂ, ಅವಳದಲ್ಲ, ಎಂದೆ.